ಸಮಾಧಿಯಲ್ಲಿ ದೊರೆತ ಚಿತ್ರವಸ್ತ್ರಗಳು: ಒಂದು ವಿಮರ್ಶೆ

ಈಜಿಪ್ಟಿನ ಅಖ್ಮೀಮ್, ಆಂಟಿನೋಯೆ ಮೊದಲಾದ ಸ್ಥಳಗಳ ಪ್ರಾಚೀನ ಸ್ಮಶಾನಗಳನ್ನು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಗೆದಾಗ ಅಪಾರ ಸಂಖ್ಯೆಯ ಬಟ್ಟೆಯ ತುಂಡುಗಳು ಹೊರಬಂದುವು. ಅವುಗಳ ಪೈಕಿ ಬಣ್ಣದಲ್ಲಿ ಅದ್ದಿದ, ಕ್ರೈಸ್ತ ಕಥಾಚಿತ್ರಗಳುಳ್ಳ ಅಗಸೆನಾರಿನ ಬಟ್ಟೆಗಳು ಸಂಖ್ಯೆಯಲ್ಲಿ ಅಲ್ಪವಾದರೂ ಮಹತ್ವದಲ್ಲಿ ಅಲ್ಪವಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ತುಂಡಿನಲ್ಲಿ ಕ್ರಿಸ್ತನು ರಕ್ತಸ್ರಾವದ ರೋಗಿಣಿಯನ್ನು ಗುಣಪಡಿಸುವ ಮತ್ತು ಲಾಜರನನ್ನು ಮೃತ್ಯುವಿನಿಂದ ಎಬ್ಬಿಸುವ ಚಿತ್ರಗಳಿವೆ. ಇಂತಹವು ಸಮಾಧಿಯಲ್ಲಿ ದೊರೆತುದರಿಂದ ಇವನ್ನು ಶವಸಂಸ್ಕಾರದ ಕಲೆಯೆಂದೂ, ಲಾಜರನ ಚಿತ್ರವನ್ನು ಸತ್ತವನ ಪುನರುತ್ಥಾನದ ಬಯಕೆಯೆಂದೂ ಅರ್ಥೈಸುವುದು ಸುಲಭ. ಈ ಅರ್ಥವು ನಿಲ್ಲತಕ್ಕದ್ದೇ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ತಯಾರಿಕೆಯ ಕ್ರಮವನ್ನು ನೋಡೋಣ. ಚಿತ್ರವಿರಬೇಕಾದ ಕಡೆಗೆ ಬಣ್ಣ ಹಿಡಿಯದಂತೆ ಲೇಪವನ್ನು ಹಚ್ಚಿ, ಬಟ್ಟೆಯನ್ನು ಬಣ್ಣದಲ್ಲಿ ಅದ್ದಿ, ಅನಂತರ ಲೇಪವನ್ನು ತೆಗೆಯುತ್ತಿದ್ದರು. ನೀಲಿಯ ನೆಲದಲ್ಲಿ ಬಿಳಿಯ ಆಕೃತಿಗಳು ಉಳಿಯುತ್ತಿದ್ದುವು. ಬಾತಿಕ್ ಕೆಲಸವನ್ನು ಕಂಡವರಿಗೆ ಇದರ ತತ್ತ್ವ ಪರಿಚಿತವೇ. ಇದು ಕ್ರೈಸ್ತರಿಗೆ ಮೀಸಲಾದ ವಿದ್ಯೆಯಾಗಿರಲಿಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿರುವ ಆಂಟಿನೋಯೆಯ ತೆರೆಯಲ್ಲಿ ಇದೇ ಕ್ರಮದಿಂದ ಡಯೋನೈಸಸ್ ದೇವತೆಯ ಜನನವೂ ಅವನ ಪರಿವಾರದ ಮೆರವಣಿಗೆಯೂ ಚಿತ್ರಿತವಾಗಿವೆ. ಅದೂ ಸಮಾಧಿಯಿಂದಲೇ ಬಂದುದು. ಆದುದರಿಂದ ವಸ್ತ್ರವು ಸಮಾಧಿಗೆ ಸೇರಿದುದಕ್ಕೆ ಅದರ ಮೇಲಣ ಚಿತ್ರವೇ ಕಾರಣವೆಂದು ಹೇಳುವಂತಿಲ್ಲ.

ಹಾಗಾದರೆ ಇವು ಮೂಲತಃ ಎಲ್ಲಿದ್ದುವು? ಸಲಾಮಿಸ್‌ನ ಬಿಷಪ್ ಎಪಿಫೇನಿಯಸ್ ಜೆರೂಸಲೇಮಿನ ಬಿಷಪ್ ಯೋಹಾನನಿಗೆ ಕ್ರಿ.ಶ. 394ರಲ್ಲಿ ಬರೆದ, ಜೆರೋಮನ ಲ್ಯಾಟಿನ್ ಅನುವಾದದಲ್ಲಿ ಉಳಿದುಬಂದಿರುವ ಪತ್ರವು ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಅನಾಬ್ಲಾಥಾ ಎಂಬ ಹಳ್ಳಿಯ ಚರ್ಚಿನ ಬಾಗಿಲಲ್ಲಿ ಬಣ್ಣ ಹಾಕಿ ಚಿತ್ರ ಬರೆದ ತೆರೆಯೊಂದನ್ನು ಅವನು ಕಂಡನು. ಅದರಲ್ಲಿದ್ದುದು ಕ್ರಿಸ್ತನೋ ಯಾವನೋ ಸಂತನೋ ಅವನಿಗೆ ನೆನಪಿಲ್ಲ. ಮನುಷ್ಯಾಕೃತಿ ದೇವಾಲಯದಲ್ಲಿ ಕೂಡದೆಂದು ಅವನು ಅದನ್ನು ಹರಿದು, ಬಡವನೊಬ್ಬನ ಶವಕ್ಕೆ ಹೊದಿಸುವಂತೆ ಹೇಳಿದನು. ಅಲ್ಲಿಯ ಪಾಲಕರು, ಹರಿದವನು ಬೇರೊಂದನ್ನು ಕೊಡಬೇಕಷ್ಟೆ ಎಂದು ಗೊಣಗಿದರು. ಅವನು ಅದರಂತೆ ಬೇರೆ ತೆರೆಯನ್ನು ಕಳುಹಿಸಿದನು.

ಇದು ಪ್ಯಾಲೆಸ್ಟೈನಿನ ಸಂಗತಿ. ಈಜಿಪ್ಟಿಗೆ ನೇರವಾದ ಸಾಕ್ಷ್ಯವಲ್ಲವೆಂಬುದು ನಿಜ. ಆದರೂ ಜೀವಂತರ ಕಣ್ಣೆದುರು ತೂಗುತ್ತಿದ್ದ ತೆರೆಯು ಶವದ ಹೊದಿಕೆಯಾಗಬಹುದಾದ ಬಗೆಯನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ವಸ್ತ್ರಗಳೂ ಇದನ್ನೇ ಸಮರ್ಥಿಸುತ್ತವೆ. ಲಂಡನ್ನಿನ ತುಂಡಿನಲ್ಲಿ ಆಕೃತಿಗಳ ಬಳಿ ಗ್ರೀಕ್ ಲಿಪಿಯಲ್ಲಿ ಬರಹವಿದೆ. ಬರಹವು ಓದುವವನನ್ನು ಬಯಸುತ್ತದೆ. ಮಣ್ಣಿನೊಳಗೆ ಓದುವವರು ಯಾರು?

ಬೇರೆ ದೇಶಗಳ ತೆರೆಗಳು ಬಹುಮಟ್ಟಿಗೆ ಕೊಳೆತುಹೋದುವು. ಈಜಿಪ್ಟಿನ ಒಣ ಮರಳು ಮಾತ್ರ ಇವನ್ನು ಕಾಯ್ದುಕೊಂಡಿತು. ಉಳಿವಿನ ಕಾರಣವನ್ನೇ ಹುಟ್ಟಿನ ಉದ್ದೇಶವೆಂದು ಭ್ರಮಿಸಲಾಗದು. ಇದಲ್ಲದೆ, ಅಗೆದವರು ಅನೇಕ ವೇಳೆ ಯಾವ ಬಟ್ಟೆ ಯಾವ ಶವದ ಮೇಲೆ ಹೇಗಿತ್ತೆಂಬುದನ್ನು ಬರೆದಿಡಲಿಲ್ಲ. ವ್ಯಾಪಾರಿಗಳು ಚಿತ್ರವಿದ್ದ ಭಾಗವನ್ನು ಮಾತ್ರ ಕತ್ತರಿಸಿ ಮಾರಿದರು. ಈ ನಷ್ಟವನ್ನು ಸಂಕೇತಾರ್ಥಗಳಿಂದ ತುಂಬುವುದು ಇತಿಹಾಸವಾಗಲಾರದು. ವಿದ್ಯಾರ್ಥಿಯು ಚಿತ್ರದ ಅರ್ಥವನ್ನು ಕೇಳುವ ಮೊದಲು ಬಟ್ಟೆಯ ಬಾಳನ್ನು ಕೇಳಬೇಕು. ಸಮಾಧಿಯು ಆ ಬಾಳಿನ ಕೊನೆಯ ಅಧ್ಯಾಯ ಮಾತ್ರ.