ಒಂದು ರೌಂಡಿಗೆ ಬಾಯಿ ಬಿಡದ ಗೇರ್‌ಬಾಕ್ಸ್

ಮಡಿಕೇರಿಯಲ್ಲಿ ಬೆಳಗ್ಗೆ ಏಳು ಗಂಟೆ. ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಪಿಕಪ್ ಒಂದನ್ನು ನೋಡಲು ಗೆಳೆಯನ ಜೊತೆ ಹೋಗಿದ್ದೆ. ಗಾಡಿಯ ಟಾಪಿನ ಮೇಲೆ, ಹಿಂದಿನ ತೊಟ್ಟಿಯ ಮೇಲೆಲ್ಲ ಇಬ್ಬನಿ ಕೂತಿತ್ತು. ಬಾನೆಟ್ ಮಾತ್ರ ಒಣಗಿತ್ತು. ಅಂಗೈ ಇಟ್ಟರೆ ಬೆಚ್ಚಗೆ. “ಚಳಿ ಅಲ್ವಾ ಸಾರ್, ಸ್ವಲ್ಪ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟೆ” ಎಂದರು ಮಾರುವವರು. ಗೆಳೆಯನಿಗೆ ಅದು ಉಪಚಾರವಾಗಿ ಕಂಡಿತು. ನನಗೆ ಅಲ್ಲೇ ಅನುಮಾನ ಹುಟ್ಟಿತು.

ಹಳೆ ಗಾಡಿ ಕೊಳ್ಳುವಾಗ ನಾವು ಹಾಕುವ ರೌಂಡಿನ ಬಗ್ಗೆ ನನಗೆ ದೊಡ್ಡ ತಕರಾರಿದೆ. ಕೀ ಇಸ್ಕೊಂಡು, ಎಸಿ ಹಾಕಿ, ಸಮತಟ್ಟಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ, ಒಮ್ಮೆ ಜೋರಾಗಿ ಆಕ್ಸಿಲರೇಟರ್ ತುಳಿದು “ಪಿಕಪ್ ಚೆನ್ನಾಗಿದೆ” ಎಂದು ಇಳಿದುಬಿಡುತ್ತೇವೆ. ಈ ಅಭ್ಯಾಸ ಮ್ಯಾನ್ಯುಯಲ್ ಗಾಡಿಗಳಿಂದ ಬಂದದ್ದು. ಅಲ್ಲಿ ಕ್ಲಚ್ ಜಾರಿದರೆ ಕಾಲಿಗೆ ಗೊತ್ತಾಗುತ್ತದೆ, ಗೇರ್ ಕಚ್ಚದಿದ್ದರೆ ಕೈಗೆ ಗೊತ್ತಾಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕೈಕಾಲಿಗೆ ಆ ಕೆಲಸವೇ ಇಲ್ಲ. ಅದರ ಕಾಯಿಲೆ ತೋರುವುದು ಗೇರ್ ಕೂರಲು ಹಿಡಿಯುವ ಸಮಯದಲ್ಲಿ, ಆರ್‌ಪಿಎಂ ಮುಳ್ಳಿನಲ್ಲಿ, ಆಯಿಲ್‌ನ ವಾಸನೆಯಲ್ಲಿ. ನಮ್ಮ ದೇಶದ ಪಿಕಪ್‌ಗಳಲ್ಲಿ ಇಸುಜು ವಿ-ಕ್ರಾಸ್ 2019ರಲ್ಲಿ ಆಟೋಮ್ಯಾಟಿಕ್ ಆಗಿ ಬಂತು, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು. ಹೈಲಕ್ಸ್‌ನ ಮ್ಯಾನ್ಯುಯಲ್‌ಗೆ 420 ನ್ಯೂಟನ್ ಮೀಟರ್ ಟಾರ್ಕ್ ಆದರೆ ಆಟೋಮ್ಯಾಟಿಕ್‌ಗೆ 500. ಅಂದರೆ ಗೇರ್‌ಬಾಕ್ಸ್ ಹೊರುವ ಭಾರವೂ ಹೆಚ್ಚು. ಇಂಥ ಗಾಡಿಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬರತೊಡಗಿದರೂ ನಾವಿನ್ನೂ ಅದೇ ಹತ್ತು ನಿಮಿಷದ ರೌಂಡಿನಲ್ಲೇ ಇದ್ದೇವೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಡೆಯುವುದೇ ಆಯಿಲ್‌ನ ಒತ್ತಡದಿಂದ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ದಾಟಿಸುವುದು ಆಯಿಲ್ ಮೂಲಕ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಆಯಿಲ್ಲೇ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸೀಲುಗಳು ಗಡುಸಾಗಿದ್ದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒತ್ತಡ ಏರಲು ತಡವಾಗುತ್ತದೆ. ಬಿಸಿಯಾದ ಮೇಲೆ ಆ ಗುಟ್ಟು ಮುಚ್ಚಿಹೋಗುತ್ತದೆ. ಅದಕ್ಕೇ ಮಾರನೆ ದಿನ ಮತ್ತೆ ಹೋದೆವು, ಯಾರೂ ಸ್ಟಾರ್ಟ್ ಮಾಡಬಾರದೆಂದು ಮೊದಲೇ ಹೇಳಿ. ಬ್ರೇಕ್ ಒತ್ತಿ ಹಿಡಿದು ‘ಆರ್’ಗೆ ಹಾಕಿದೆ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಗಾಡಿ ಮೆತ್ತಗೆ ತೂಗಿ ಗೇರ್ ಕೂರಬೇಕು. ಒಂದು, ಎರಡು, ಮೂರು ಎಂದು ಎಣಿಸಿದ ಮೇಲೆ ‘ಧಡ್’ ಎಂದಿತು. ಹಿಂದಿನ ದಿನ ಇದೇ ಗಾಡಿ ಬೆಣ್ಣೆಯ ಹಾಗೆ ರಿವರ್ಸ್ ಬಂದಿತ್ತು.

ತಣ್ಣಗಿರುವಾಗ ನೋಡಿದರೆ ಅರ್ಧ ಮಾತ್ರ ಆಯಿತು. ಸವೆದ ಪ್ಲೇಟುಗಳು ಜಾರುವುದು ಆಯಿಲ್ ಕಾದು ತೆಳುವಾದ ಮೇಲೆ. ಅದಕ್ಕೆ ಏರು ಬೇಕು, ಸಮಯ ಬೇಕು. ಸಂಪಾಜೆ ಘಾಟಿ ಹತ್ತುವಾಗ ಮುಳ್ಳು ಎರಡು ಸಾವಿರದಿಂದ ಮೂರು ಸಾವಿರಕ್ಕೆ ಚಿಮ್ಮಿದರೂ ವೇಗ ನಲವತ್ತರಲ್ಲೇ ನಿಂತಿದೆ, ಗೇರೂ ಇಳಿದಿಲ್ಲ ಎಂದರೆ ಒಳಗೆ ಜಾರುತ್ತಿದೆ ಎಂದೇ ಅರ್ಥ. ಇನ್ನೊಂದು, ಅರವತ್ತು ಎಂಬತ್ತರ ವೇಗದಲ್ಲಿ ಹಗುರವಾಗಿ ಪೆಡಲ್ ಹಿಡಿದಾಗ ರಸ್ತೆಯ ಸಾಲು ಉಬ್ಬುಗಳ ಮೇಲೆ ಹೋದಂತೆ ಬರುವ ನಡುಕ. ಇದನ್ನು ಟೈರಿನ ದೋಷವೆಂದು ಅಲೈನ್‌ಮೆಂಟ್‌ಗೆ ಕಳಿಸಿದವರನ್ನು ಕಂಡಿದ್ದೇನೆ. ಸಾಮಾನ್ಯವಾಗಿ ಬ್ರೇಕ್ ಪೆಡಲನ್ನು ಮೆಲ್ಲಗೆ ಮುಟ್ಟಿದರೆ, ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆಯುವ ಕನ್ವರ್ಟರ್‌ನ ಲಾಕ್ ಬಿಡುತ್ತದೆ. ಆ ಕ್ಷಣಕ್ಕೇ ನಡುಕವೂ ನಿಂತರೆ ಟೈರನ್ನು ಬೈಯುವುದು ಬೇಡ. ಹಾಗಂತ ಇದು ಗೇರ್‌ಬಾಕ್ಸಿನ ಮರಣವೂ ಅಲ್ಲ. ಅಮೆರಿಕದಲ್ಲಿ ಷೆವರ್ಲೆ ಸಿಲ್ವರಾಡೊ ಪಿಕಪ್‌ಗಳ ಎಂಟು ಗೇರಿನ ಪೆಟ್ಟಿಗೆಯಲ್ಲಿ ಇದೇ ನಡುಕದ ದೂರು ಬಂದಾಗ, ಜನರಲ್ ಮೋಟರ್ಸ್ ಹಳೆ ಆಯಿಲ್ ತೊಳೆದು ಬೇರೆ ಬಗೆಯ ಆಯಿಲ್ ತುಂಬಲು ವರ್ಕ್‌ಶಾಪುಗಳಿಗೆ ಸೂಚಿಸಿತು.

ಪಿಕಪ್‌ನ ಪ್ರತಿ ಸದ್ದಿಗೂ ಬೆಚ್ಚುವುದು ಸರಿಯಲ್ಲ. ಹಿಂದೆ ಪಟ್ಟಾ ಸ್ಪ್ರಿಂಗ್, ಉದ್ದನೆಯ ಪ್ರೊಪೆಲರ್ ಶಾಫ್ಟ್ ಇರುವ ಗಾಡಿ ನಿಂತು ಹೊರಡುವಾಗ ‘ಟಕ್’ ಎನ್ನಬಹುದು. ತಣ್ಣಗಿರುವಾಗ ಮೇಲಿನ ಗೇರಿಗೆ ತಡವಾಗಿ ಹೋಗುವುದೂ ಸಹಜ. ಗೇರ್‌ಬಾಕ್ಸಿನ ಕಂಪ್ಯೂಟರ್ ಕಲಿತದ್ದನ್ನು ಅಳಿಸಿದ್ದರೆ ಕೆಲವು ದಿನ ಜರ್ಕ್ ಇರಬಹುದು. ಆದರೆ “ಸ್ಕ್ಯಾನರ್ ಹಾಕಿ ಎಲ್ಲ ಕ್ಲಿಯರ್ ಮಾಡ್ಸಿದೀವಿ ಸಾರ್” ಎಂದರೆ ನನಗೆ ಸಮಾಧಾನ ಆಗುವುದಿಲ್ಲ, ಅದರ ಜೊತೆಗೆ ಹಳೆಯ ಫಾಲ್ಟ್ ಕೋಡುಗಳೂ ಅಳಿಸಿಹೋಗಿರುತ್ತವೆ. ಆಯಿಲ್ ಜೀವಮಾನ ಪೂರ್ತಿ ಬಾಳುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕಾಫಿ ಮೂಟೆ, ಗೊಬ್ಬರ ಹೊತ್ತು ಘಾಟಿ ಹತ್ತುವ ಗಾಡಿಯ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುವುದನ್ನು ಮೂಗಾರೆ ಕಂಡವನು ನಾನು.

ಗೆಳೆಯ ಆ ಗಾಡಿಯ ಕೀ ವಾಪಸ್ ಕೊಟ್ಟ. ತಿಂಗಳಾದ ಮೇಲೆ ಸುಳ್ಯದಲ್ಲಿ ಇನ್ನೊಂದು ಸಿಕ್ಕಿತು. ಬಣ್ಣ ಮಾಸಿತ್ತು, ತೊಟ್ಟಿಯ ತುಂಬ ಗೀರು. “ಬೆಳಿಗ್ಗೆ ಬನ್ನಿ, ನಾನು ಮುಟ್ಟುವುದಿಲ್ಲ. ಮಡಿಕೇರಿಗೆ ಹತ್ತಿಸಿ ಇಳಿಸಿಯೇ ಮಾತಾಡಿ” ಎಂದರು ಮಾಲೀಕರು. ‘ಆರ್’ಗೆ ಹಾಕಿ ನಾನು ಒಂದು ಎನ್ನುವಷ್ಟರಲ್ಲಿ ಗೇರ್ ಕೂತಿತ್ತು. ಘಾಟಿ ಹತ್ತಿ ಇಳಿದು, ಕಾದ ಗಾಡಿಯನ್ನು ಅವರ ಅಂಗಳದಲ್ಲಿ ನಿಲ್ಲಿಸಿ ಮತ್ತೆ ‘ಡಿ’, ಮತ್ತೆ ‘ಆರ್’. ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ನೀರಿನ ಬಾಟಲಿ ಕದಲಲಿಲ್ಲ. ಗೆಳೆಯ ರೇಟಿನ ಮಾತು ತೆಗೆದ.