ಕಟ್-ಆಫ್ ಸ್ವಿಚ್ಚಿಗೆ ಸಂದ ಹೆಚ್ಚಿನ ಮರ್ಯಾದೆ

ಹಳೆಯ ಟ್ರಕ್ಕಿನಲ್ಲಿ ಬೆಂಕಿಗೆ ಹೆಚ್ಚು ಹತ್ತಿರವಿರುವ ವೈರು ಫ್ಯೂಸಿನಿಂದ ಮುಂದಕ್ಕೆ ಹೋದದ್ದಲ್ಲ, ಬ್ಯಾಟರಿಯಿಂದ ಫ್ಯೂಸಿನವರೆಗೆ ಬಂದದ್ದು. 1947ರಿಂದ 1955ರವರೆಗೆ ಬಂದ ಷೆವರ್ಲೆ 3100 ಪಿಕಪ್ಪನ್ನೇ ನೋಡಬಹುದು. ಸೆಲ್ಫ್ ಮೋಟರಿನ ಕಡೆಯಿಂದ ಹೊರಟ ಮುಖ್ಯ ವೈರು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಣ ತಗಡಿನ ಗೋಡೆಯನ್ನು ತೂರಿ ಡ್ಯಾಶ್‌ಬೋರ್ಡಿನ ಆಮೀಟರಿಗೆ ಬರುತ್ತದೆ, ಅಲ್ಲಿಂದ ಸ್ವಿಚ್ಚುಗಳಿಗೆ ಕವಲೊಡೆಯುತ್ತದೆ. ಈ ದಾರಿಯುದ್ದಕ್ಕೂ ಒಂದೇ ಒಂದು ಫ್ಯೂಸಿಲ್ಲ. ತೂತಿಗೆ ತೊಡಿಸಿದ ರಬ್ಬರ್ ಬುಷ್ ಒಣಗಿ ಉದುರಿದ ಮೇಲೆ ತಗಡಿನ ಅಂಚು ಇನ್ಸುಲೇಷನ್ನನ್ನು ಅರೆಯತೊಡಗುತ್ತದೆ. ತಾಮ್ರ ಬಾಡಿಗೆ ತಾಗಿದ ಕ್ಷಣದಲ್ಲಿ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಆ ಕಾಲದ ವೈರಿನ ಹೊದಿಕೆ ಎಂದರೆ ರಬ್ಬರು, ಅದರ ಮೇಲೆ ಹತ್ತಿನೂಲಿನ ಹೆಣಿಗೆ. ಎರಡೂ ಉರಿಯುವಂಥವು.

ಇದಕ್ಕೆ ಮೊದಲ ಮದ್ದೆಂದು, ಎಷ್ಟೋ ಸಲ ಕೊನೆಯ ಮದ್ದೆಂದೂ, ಹೇಳುತ್ತ ಬಂದಿರುವುದು ಬ್ಯಾಟರಿ ಕಟ್-ಆಫ್ ಸ್ವಿಚ್. ಬ್ಯಾಟರಿಯ ಕಂಬಕ್ಕೂ ಅರ್ಥ್ ಕೇಬಲ್ಲಿಗೂ ನಡುವೆ ಕೂರುವ ಹಿತ್ತಾಳೆಯ ತುಂಡು, ತಿರುಗಿಸಿ ಸಡಿಲಿಸಲು ಮೇಲೊಂದು ಪ್ಲಾಸ್ಟಿಕ್ ಗುಂಡಿ. ಬೆಲೆ ಕಡಿಮೆ, ಅರ್ಧ ಗಂಟೆಯ ಕೆಲಸ, ತೋರಿಸುವುದಕ್ಕೂ ಚೆನ್ನ. ಈ ಮೂರು ಗುಣಗಳಿಂದಲೇ ಅದರ ಹೆಸರು ಅದರ ಕೆಲಸವನ್ನು ಮೀರಿ ಬೆಳೆದಿದೆ.

ಈ ಸ್ವಿಚ್ಚು ಕಾಯುವುದು ನಿಂತ ಟ್ರಕ್ಕನ್ನು. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ವೈರನ್ನು ಇಲಿ ಕಡಿದರೂ ಬೆಂಕಿ ಹತ್ತದಂತೆ ಅದು ನೋಡಿಕೊಳ್ಳುತ್ತದೆ. ಆ ಮಟ್ಟಿಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಎಂಜಿನ್ ಅದುರುವುದು, ವೈರು ತಗಡಿಗೆ ಉಜ್ಜುವುದು, ಜಾಯಿಂಟು ಬಿಸಿಯಾಗುವುದು ಎಲ್ಲವೂ ಗಾಡಿ ಓಡುವಾಗ. ಆಗ ಸ್ವಿಚ್ಚು ಆನ್ ಇರಲೇಬೇಕು, ಅಂದರೆ ಕಾವಲುಗಾರ ರಜೆಯ ಮೇಲಿರುತ್ತಾನೆ. ಹೊಗೆ ಕಂಡ ಕೂಡಲೇ ತಿರುಗಿಸಿದರಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಷೆವರ್ಲೆ 3100ರಲ್ಲಿ ಬ್ಯಾಟರಿ ಇರುವುದು ಚಾಲಕನ ಪಕ್ಕದ ಸೀಟಿನ ಕಡೆ, ನೆಲದ ಕೆಳಗೆ. ಬ್ಯಾಟರಿಯ ಮೇಲೇ ಸ್ವಿಚ್ಚು ಹಾಕಿಸಿಕೊಂಡವನು ಗಾಡಿ ನಿಲ್ಲಿಸಿ, ಮ್ಯಾಟ್ ಸರಿಸಿ, ನೆಲದ ಮುಚ್ಚಳ ತೆಗೆದು ಗುಂಡಿಯನ್ನು ತಡಕಬೇಕು. ಅಷ್ಟು ಹೊತ್ತು ಬೆಂಕಿ ಕಾದು ಕೂರುವುದಿಲ್ಲ.

ಗುಂಡಿ ಕೈಗೆ ಸಿಕ್ಕಿತೆಂದೇ ಇಟ್ಟುಕೊಂಡರೂ ತೊಡಕು ಮುಗಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಟ್ರಕ್ಕಿನಲ್ಲಿ ವಿದ್ಯುತ್ತಿನ ಮೂಲಗಳು ಎರಡು: ಬ್ಯಾಟರಿ ಒಂದು, ಡೈನಮೋ ಅಥವಾ ಆಲ್ಟರ್ನೇಟರ್ ಇನ್ನೊಂದು. ಬ್ಯಾಟರಿಯನ್ನು ಬಿಡಿಸಿದರೂ ಎರಡನೆಯದು ತಿರುಗುತ್ತಲೇ ಇರುತ್ತದೆ. ಶಾರ್ಟ್ ಆದ ಜಾಗಕ್ಕೆ ಅಲ್ಲಿಂದ ಕರೆಂಟು ಹರಿಯಬಲ್ಲದು. ಡೀಸೆಲ್ ಗಾಡಿಯಲ್ಲಂತೂ ಸ್ವಿಚ್ಚು ತಿರುಗಿಸಿದರಾಯಿತೆಂಬ ವಾದ ಪೂರ್ತಿ ಕುಸಿಯುತ್ತದೆ. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್‌ನಿಂದ ಬಂದು ನಮ್ಮ ರಸ್ತೆಗಳಲ್ಲಿ ಓಡಿದ ಪರ್ಕಿನ್ಸ್ ಎಂಜಿನ್ನಿನ ಫಾರ್ಗೊ ಟ್ರಕ್ಕುಗಳಿಗೆ ಓಡುತ್ತಲೇ ಇರಲು ವಿದ್ಯುತ್ತೇ ಬೇಡ. ಪಂಪು ಡೀಸೆಲ್ ಕೊಡುವವರೆಗೂ ಎಂಜಿನ್ ತಿರುಗುತ್ತದೆ, ಅದರ ಬೆಲ್ಟಿಗೆ ಕಟ್ಟಿದ ಡೈನಮೋ ಕೂಡ. ರೇಸಿನ ಕಾರುಗಳಿಗೆ ಹಾಕುವ ಮುಖ್ಯ ಸ್ವಿಚ್ಚು ಬ್ಯಾಟರಿಯ ಜೊತೆ ಎಂಜಿನ್ನನ್ನೂ ನಿಲ್ಲಿಸಲೇಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ಆ ಸ್ವಿಚ್ಚಿನ ಕೀರ್ತಿಯನ್ನು ಈ ಹಿತ್ತಾಳೆಯ ತುಂಡು ಸುಮ್ಮನೆ ಹೊತ್ತು ತಿರುಗುತ್ತಿದೆ.

ನಿಜವಾಗಿ ಕೆಲಸ ಮಾಡುವ ವಸ್ತು ಕಣ್ಣಿಗೆ ಬೀಳದ ಗೇಣುದ್ದದ ವೈರು: ಫ್ಯೂಸಿಬಲ್ ಲಿಂಕ್. ಅಮೆರಿಕದ ಅಳತೆಯಲ್ಲಿ ಅದು ತಾನು ಕಾಯುವ ವೈರಿಗಿಂತ ನಾಲ್ಕು ಗೇಜ್ ತೆಳುವಾಗಿರುತ್ತದೆ. ಮುಖ್ಯ ವೈರು 10 ಗೇಜಿನದಾದರೆ ಲಿಂಕ್ 14 ಗೇಜಿನದು. ಹೊದಿಕೆ ಮಾತ್ರ ಜ್ವಾಲೆ ಹಿಡಿಯದ ವಿಶೇಷ ರಬ್ಬರಿನದು. ಶಾರ್ಟ್ ಆದಾಗ ಮೊದಲು ಕರಗುವುದು ಅದು, ಅದೂ ಹೊದಿಕೆಯ ಒಳಗೇ. ಬ್ಯಾಟರಿಯ ಕಡೆ, ವೈರು ಹೊರಡುವ ಜಾಗದಲ್ಲೇ ಇರಬೇಕೆಂಬುದೊಂದೇ ಷರತ್ತು. ಮಧ್ಯದಲ್ಲೆಲ್ಲೋ ಹಾಕಿದರೆ ಅದರ ಹಿಂದಿನ ತುಂಡು ಕಾವಲಿಲ್ಲದೆ ಉಳಿಯುತ್ತದೆ. ಲಿಂಕ್ ಬೇಡವೆನಿಸಿದರೆ ಅದೇ ಜಾಗದಲ್ಲಿ ದೊಡ್ಡ ಬ್ಲೇಡ್ ಫ್ಯೂಸ್ ಹಾಕಬಹುದು. ಸುಟ್ಟ ಲಿಂಕಿನ ಜಾಗಕ್ಕೆ ಸಾಧಾರಣ ವೈರಿನ ತುಂಡು ಸೇರಿಸಿ ಟೇಪ್ ಸುತ್ತುವುದು ಮಾತ್ರ ರಿಪೇರಿಯಲ್ಲ, ಇದ್ದ ಕಾವಲನ್ನೂ ತೆಗೆದುಹಾಕಿದಂತೆ.

ಈ ಮಾತು ಎತ್ತಿದಲ್ಲೆಲ್ಲ ಆಮೀಟರಿನ ಜಗಳ ಶುರುವಾಗುತ್ತದೆ. ಕ್ರೈಸ್ಲರ್ ಕಂಪನಿ 1960ರಲ್ಲಿ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟಿತು, ಅದರ ಡಾಡ್ಜ್ ಟ್ರಕ್ಕುಗಳಿಗೂ ಬೇಗನೆ ಅದು ಬಂತು. ಆಮೀಟರ್ ಮಾತ್ರ ಹಳೆಯ ಕ್ರಮದಲ್ಲೇ ಡ್ಯಾಶ್‌ಬೋರ್ಡಿನಲ್ಲಿ ಉಳಿಯಿತು. ಆಮೀಟರೇ ಬೆಂಕಿಯ ಗೂಡು, ಕಿತ್ತೆಸೆಯಿರಿ ಎನ್ನುವುದು ಒಂದು ಪಂಗಡ. ಕಂಪನಿ ಕೊಟ್ಟದ್ದರ ಒಂದು ತಿರುಪನ್ನೂ ಮುಟ್ಟಬಾರದು ಎನ್ನುವುದು ಇನ್ನೊಂದು. ಎರಡು ಪಂಗಡಗಳೂ ಸರ್ಕ್ಯೂಟನ್ನು ಬೆರಳಿಟ್ಟು ಓದಿದಂತಿಲ್ಲ. ಆ ವಿನ್ಯಾಸದಲ್ಲಿ ದೀಪ, ಹೀಟರ್, ಇಗ್ನಿಷನ್ ಎಲ್ಲವೂ ಆಮೀಟರಿನ ಆಲ್ಟರ್ನೇಟರ್ ಬದಿಯಿಂದಲೇ ಕರೆಂಟು ಪಡೆಯುತ್ತವೆ. ಆಲ್ಟರ್ನೇಟರ್ ಸಾಕಷ್ಟು ಕೊಡುತ್ತಿರುವವರೆಗೆ ಆಮೀಟರನ್ನು ದಾಟುವುದು ಬ್ಯಾಟರಿಯನ್ನು ತುಂಬುವ ಕರೆಂಟು ಮಾತ್ರ. ಬ್ಯಾಟರಿ ತುಂಬಿದ ಮೇಲೆ ಅದು ಕೆಲವೇ ಆಂಪಿಯರ್. ಇದು ಕೆಟ್ಟ ವಿನ್ಯಾಸವಲ್ಲ. ಕೆಡಿಸುವುದು ಮಾಲೀಕ. ಜೋಡಿ ಫಾಗ್ ಲೈಟು, ಏರ್ ಹಾರ್ನು, ಆಂಪ್ಲಿಫಯರು, ಎಲ್ಲಕ್ಕೂ ‘ಡೈರೆಕ್ಟ್’ ಎಂದು ಬ್ಯಾಟರಿಯ ಕಂಬದಿಂದಲೇ ವೈರು ಎಳೆಸುತ್ತಾನೆ. ಆಗ ಆ ಹೊರೆಯಷ್ಟೂ ಕರೆಂಟು ಆಲ್ಟರ್ನೇಟರಿನಿಂದ ತಗಡಿನ ಗೋಡೆ ದಾಟಿ ಒಳಗೆ ಬಂದು, ಆಮೀಟರಿನಲ್ಲಿ ಹಾದು, ಮತ್ತೆ ಗೋಡೆ ದಾಟಿ ಬ್ಯಾಟರಿಗೆ ಹೋಗಬೇಕು. ಕರಗುವುದು ಆಮೀಟರ್, ಅಪವಾದ ಬರುವುದು ಕಂಪನಿಗೆ.

ಆಮೀಟರನ್ನು ಕಿತ್ತೆಸೆಯಿರಿ ಎನ್ನುವ ಪಂಗಡದ ಮದ್ದು ಇನ್ನೂ ವಿಚಿತ್ರ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರವಾಗಿ ದಪ್ಪ ವೈರೊಂದನ್ನು ಕೊಟ್ಟು, ಗೆದ್ದೆವೆಂದು ಬಾನೆಟ್ ಮುಚ್ಚುತ್ತಾರೆ. ಆ ವೈರಿಗೆ ಫ್ಯೂಸ್ ಇದೆಯೇ ಎಂದು ಕೇಳಿದರೆ ಬಹಳ ಸಲ ಉತ್ತರ ಬರುವುದಿಲ್ಲ. ಹಳೆಯ ವೈರಿಗಾದರೂ ಲಿಂಕ್ ಇದ್ದಿರಬಹುದು. ಹೊಸ ವೈರು ಬಿಸಿ ಎಂಜಿನ್ನಿನ ಪಕ್ಕದಲ್ಲಿ, ಯಾವ ಕಾವಲೂ ಇಲ್ಲದೆ, ಹಳೆಯದಕ್ಕಿಂತ ಹೆಚ್ಚು ಕರೆಂಟು ಹೊರುವ ತಾಕತ್ತಿನೊಂದಿಗೆ ಮಲಗಿರುತ್ತದೆ.

ಫ್ಯೂಸಿಗೂ ಒಂದು ಮಿತಿ ಇದೆ. ಸಡಿಲವಾದ, ಕಿಲುಬು ಹಿಡಿದ ಟರ್ಮಿನಲ್ಲಿನ ಪ್ರತಿರೋಧ 0.02 ಓಮ್, ಹರಿಯುವ ಕರೆಂಟು 40 ಆಂಪಿಯರ್ ಎಂದಿಟ್ಟುಕೊಂಡರೆ ಆ ಒಂದೇ ಜಾಗದಲ್ಲಿ 32 ವ್ಯಾಟ್ ಶಾಖ ಹುಟ್ಟುತ್ತದೆ. 25 ವ್ಯಾಟಿನ ಬೆಸುಗೆ ಕಡ್ಡಿ ಸೀಸ ಕರಗಿಸುತ್ತದೆ. ಕರೆಂಟು ಮಿತಿಯೊಳಗೇ ಇರುವುದರಿಂದ ಫ್ಯೂಸ್ ಹಾರುವುದಿಲ್ಲ, ಪ್ಲಾಸ್ಟಿಕ್ ಮಾತ್ರ ಕಂದಿ ಕರಗುತ್ತ ಹೋಗುತ್ತದೆ. ಕಟ್-ಆಫ್ ಸ್ವಿಚ್ಚಿಗೂ ಇದರ ಸುಳಿವಿಲ್ಲ. ಹೇಳಬೇಕೆಂದರೆ ಅಗ್ಗದ ಸ್ವಿಚ್ಚಿನ ಸಡಿಲ ಗುಂಡಿಯೇ ಇಂಥ ಇನ್ನೊಂದು ಬಿಸಿ ಜಾಗ. ಇದನ್ನು ಹಿಡಿಯುವುದು ಮೀಟರ್: ಎಲ್ಲ ದೀಪ ಹಾಕಿ, ಜಾಯಿಂಟಿನ ಎರಡು ಕಡೆ ಮೀಟರಿನ ಕಡ್ಡಿಯಿಟ್ಟು ವೋಲ್ಟೇಜ್ ನೋಡಿದರೆ ಅಲ್ಲಿ ಎಷ್ಟು ಸೋರುತ್ತಿದೆಯೆಂದು ಗೊತ್ತಾಗುತ್ತದೆ. ಮೇಲಿನ ಲೆಕ್ಕದ ಟರ್ಮಿನಲ್ 0.8 ವೋಲ್ಟ್ ತೋರಿಸುತ್ತದೆ.

ಹೆಡ್‌ಲೈಟಿನದೂ ಇದೇ ಕತೆ. 6 ವೋಲ್ಟಿನ ಗಾಡಿಯಲ್ಲಿ 45 ವ್ಯಾಟಿನ ಎರಡು ದೀಪಗಳು ಎಳೆಯುವುದು 15 ಆಂಪಿಯರ್. 12 ವೋಲ್ಟಿಗೆ ಬದಲಾಯಿಸಿದರೆ ಅದು ಅರ್ಧವಾಗುತ್ತದೆ, ಆದರೆ ಬದಲಾಯಿಸಿದವನು 100 ವ್ಯಾಟಿನ ಬಲ್ಬು ಹಾಕಿ ಉಳಿತಾಯವನ್ನು ಕಳೆಯುತ್ತಾನೆ. ಎರಡು ಬಲ್ಬಿಗೆ 17 ಆಂಪಿಯರ್, ಅದಷ್ಟೂ ಹಳೆಯ ಡ್ಯಾಶ್ ಸ್ವಿಚ್ಚಿನ ಮೂಲಕ, ಕಾಲಡಿಯ ಡಿಪ್ಪರ್ ಸ್ವಿಚ್ಚಿನ ಮೂಲಕ. ಎರಡು ರಿಲೇ ಹಾಕಿದರೆ ಈ ಭಾರ ಸ್ವಿಚ್ಚುಗಳ ತಲೆಯಿಂದ ಇಳಿಯುತ್ತದೆ. ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳನ್ನು ತೆಗೆದು ಲಗ್ ಹಾಕಿ ಕ್ರಿಂಪ್ ಮಾಡುವುದು, ತೂತುಗಳಿಗೆಲ್ಲ ಹೊಸ ರಬ್ಬರ್ ಬುಷ್ ತೊಡಿಸುವುದು ಒಂದು ದಿನದ ಕೆಲಸ.

ಕಟ್-ಆಫ್ ಸ್ವಿಚ್ಚಿಗೆ ಸಲ್ಲಬೇಕಾದ ನಿಜವಾದ ಜಾಗ ಒಂದಿದೆ. ಸೆಲ್ಫ್ ಮೋಟರಿನ ದಪ್ಪ ಕೇಬಲ್ ನೂರಾರು ಆಂಪಿಯರ್ ಎಳೆಯುವುದರಿಂದ ಅದಕ್ಕೆ ಸಾಮಾನ್ಯವಾಗಿ ಫ್ಯೂಸ್ ಹಾಕುವುದಿಲ್ಲ. ಛಾಸಿಗೆ ಕ್ಲಿಪ್ಪು ಹಾಕಿ ಬಿಗಿಯುವುದು, ಮೇಲೊಂದು ರಬ್ಬರ್ ಕೊಳವೆ ಹಾಕುವುದು, ನಿಂತಾಗ ಬ್ಯಾಟರಿ ಬಿಡಿಸುವುದು, ಇಷ್ಟೇ ಅದಕ್ಕಿರುವ ರಕ್ಷಣೆ. ಸ್ವಿಚ್ಚು ಹಾಕುವುದಾದರೆ ಅರ್ಥ್ ಕೇಬಲ್ಲಿಗೇ ಹಾಕಬೇಕು, ಮತ್ತು ಚಾಲಕನ ಕೈಗೆ ಎಟಕುವಲ್ಲಿ. 1955ರವರೆಗಿನ ಫೋರ್ಡ್ ಟ್ರಕ್ಕುಗಳಲ್ಲಿ ಅರ್ಥ್ ಆಗಿರುವುದು ಪಾಸಿಟಿವ್ ಕಂಬ. ನೆಗೆಟಿವ್ ಎಂದು ಕಣ್ಣುಮುಚ್ಚಿ ಹಾಕಿದರೆ ಸ್ವಿಚ್ಚು ಕೂರುವುದು ಕರೆಂಟು ಹರಿಯುವ ಕಡೆ, ಅಲ್ಲಿ ಜಾರಿದ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಅಲ್ಲೇ.