ಸಾರ್ವಕಾಲಿಕ ತಂಡವನ್ನು ಓದುವ ಬಗೆ

1969ರಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ಗೆ ನೂರು ವರ್ಷ ತುಂಬಿತು. ಆ ಸಂಭ್ರಮಕ್ಕೆಂದು ಎಲ್ಲ ಕಾಲದ ಶ್ರೇಷ್ಠ ತಂಡವೊಂದನ್ನು ಆರಿಸಿದರು. ಮೂರನೆಯ ಬೇಸ್ ಕಾಯಲು ಪಿಟ್ಸ್‌ಬರ್ಗಿನ ಪೈ ಟ್ರೇನರ್, ಕ್ಯಾಚರ್ ಸ್ಥಾನಕ್ಕೆ ಮಿಕಿ ಕಾಕ್ರನ್. ಇಬ್ಬರ ಬ್ಯಾಟಿಂಗ್ ಸರಾಸರಿಯೂ 0.320, ಅಂದರೆ ಸಾವಿರ ಸಲ ಬ್ಯಾಟು ಹಿಡಿದು ನಿಂತರೆ 320 ಹಿಟ್. ಮೂವತ್ತು ವರ್ಷ ಕಳೆದು 1999ರಲ್ಲಿ ಶತಮಾನದ ತಂಡ ಆರಿಸಿದಾಗ ಅದರಲ್ಲಿ 30 ಜನಕ್ಕೆ ಜಾಗವಿತ್ತು. ಆದರೂ ಈ ಇಬ್ಬರೂ ಇರಲಿಲ್ಲ. ಮೂರನೆಯ ಬೇಸ್‌ಗೆ ಮೈಕ್ ಶ್ಮಿಟ್ ಮತ್ತು ಬ್ರೂಕ್ಸ್ ರಾಬಿನ್ಸನ್ ಬಂದಿದ್ದರು, ಕ್ಯಾಚರ್‌ಗಳಾಗಿ ಜಾನಿ ಬೆಂಚ್ ಮತ್ತು ಯೋಗಿ ಬೆರ್ರಾ. ಶ್ಮಿಟ್, ರಾಬಿನ್ಸನ್, ಬೆಂಚ್ ಮೂವರ ಸರಾಸರಿಯೂ 0.267. ಹೆಚ್ಚು ಹೊಡೆದವರು ಹೊರಗೆ, ಕಡಿಮೆ ಹೊಡೆದವರು ಒಳಗೆ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಟ್ರೇನರ್, ಕಾಕ್ರನ್ ಇಬ್ಬರೂ ಕೊನೆಯ ಪಂದ್ಯ ಆಡಿದ್ದು 1937ರಲ್ಲಿ, ಹಾಗಾಗಿ ಈ ಮೂವತ್ತು ವರ್ಷಗಳಲ್ಲಿ ಅವರ ಆಟ ಕೆಡಲು ದಾರಿಯೇ ಇರಲಿಲ್ಲ. ಬೆರ್ರಾನದು ಇನ್ನೂ ಸೋಜಿಗ. ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡು, ಹತ್ತು ವರ್ಲ್ಡ್ ಸೀರೀಸ್ ಗೆದ್ದ ತಂಡಗಳಲ್ಲಿದ್ದು, 1965ರಲ್ಲೇ ಆಟ ಮುಗಿಸಿದ್ದ ಅವನು 1969ರವರ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಒಂದು ಪಂದ್ಯವನ್ನೂ ಆಡದೆ 1999ರಲ್ಲಿ ಒಳಗೆ ಬಂದ.

ಬದಲಾದದ್ದು ಆರಿಸುವವರ ಅಳತೆಗೋಲು. ಸಾರ್ವಕಾಲಿಕ ತಂಡಗಳ ರುಚಿ ಹತ್ತಿಸಿಕೊಳ್ಳಬೇಕೆನ್ನುವವರು ಹೆಸರುಗಳ ಮೇಲೆ ಕಣ್ಣಾಡಿಸುವ ಮುನ್ನ ಪಟ್ಟಿಯ ಇಸವಿ ನೋಡಬೇಕು, ಆಮೇಲೆ ಅದರ ಹಿಂದಿನ ಅಳತೆ ಯಾವುದೆಂದು ಹುಡುಕಬೇಕು. ಅಳತೆಗಳಲ್ಲೂ ಮೇಲು ಕೀಳು ಇದೆ ಎನ್ನುವುದು ನನ್ನ ವಾದ. ಆಟಗಾರ ತನ್ನ ಓರಗೆಯವರಿಗಿಂತ ಎಷ್ಟು ಎತ್ತರದಲ್ಲಿದ್ದ ಎನ್ನುವುದೇ ಮೊದಲ ಪ್ರಶ್ನೆ. ಆದರೆ ಆ ಎತ್ತರವನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳಬಾರದು. ಅವನ ಎದುರಿಗೆ ಯಾರಿದ್ದರು, ಯಾರನ್ನು ಬಾಗಿಲಾಚೆ ನಿಲ್ಲಿಸಿದ್ದರು ಎಂದು ವಿಚಾರಿಸಿ ಒಂದಿಷ್ಟು ಮುರಿದುಕೊಳ್ಳಬೇಕು. ಈ ಎರಡನೆಯ ಕೆಲಸ ಮಾಡದ ಪಟ್ಟಿ, ಎಷ್ಟೇ ದೊಡ್ಡ ಹೆಸರುಗಳಿದ್ದರೂ, ಅರ್ಧ ಬೆಂದ ಅಡುಗೆ.

ಎತ್ತರ ಅಳೆಯುವುದನ್ನು ಕಲಿಯಲು ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. 1930ರಲ್ಲಿ ಇಡೀ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಸರಾಸರಿ 0.303. ಗಾಳಿ ಬಂದಾಗ ಎಲ್ಲರೂ ತೂರಿಕೊಂಡ ವರ್ಷ ಅದು. ಫಿಲಡೆಲ್ಫಿಯಾ ಫಿಲೀಸ್ ತಂಡ ಒಟ್ಟಾರೆ 0.315 ಹೊಡೆದೂ ಕಟ್ಟಕಡೆಯ ಸ್ಥಾನದಲ್ಲಿ ಕೂತಿತು, ಏಕೆಂದರೆ ಅವರ ಪಿಚರ್‌ಗಳನ್ನು ಎದುರಾಳಿಗಳು ಇನ್ನೂ ಚೆನ್ನಾಗಿ ಬಾರಿಸುತ್ತಿದ್ದರು. ಇನ್ನು 1968. ಪಿಚರ್‌ಗಳು 15 ಇಂಚು ಎತ್ತರದ ದಿಬ್ಬದ ಮೇಲಿಂದ ಎಸೆಯುತ್ತಿದ್ದ ಕೊನೆಯ ವರ್ಷ. ಅಮೆರಿಕನ್ ಲೀಗಿನ ಸರಾಸರಿ 0.230ಕ್ಕೆ ಇಳಿದಿತ್ತು, ಬ್ಯಾಟಿಂಗ್ ಕಿರೀಟ ಗೆದ್ದ ಬಾಸ್ಟನ್ನಿನ ಕಾರ್ಲ್ ಯಸ್ಟ್ರೆಂಸ್ಕಿಯ ಸರಾಸರಿ 0.301. ಅಂದರೆ 1930ರ ಸಾಧಾರಣ ಬ್ಯಾಟರ್ 1968ರ ಚಾಂಪಿಯನ್ನಿಗಿಂತ ಹೆಚ್ಚು ಹೊಡೆದಿದ್ದ! ಯಾರು ದೊಡ್ಡವರು ಎಂದು ಕೇಳುವ ಅಗತ್ಯವೇ ಇಲ್ಲ. ಮರುವರ್ಷ ದಿಬ್ಬವನ್ನು 10 ಇಂಚಿಗೆ ತಗ್ಗಿಸಿದರು. ಇದೆಲ್ಲ ನಮಗೆ ಹೊಸದೇನಲ್ಲ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತ 190ಕ್ಕೆ ಆಲೌಟ್ ಆದಾಗ ಗುಂಡಪ್ಪ ವಿಶ್ವನಾಥ್ ಹೊಡೆದ ಅಜೇಯ 97 ರನ್ನುಗಳನ್ನು ಎಷ್ಟೋ ಶತಕಗಳ ಮೇಲೆ ಇಡುವ ಕನ್ನಡದ ಕ್ರಿಕೆಟ್ ರಸಿಕ, ತನಗೆ ಗೊತ್ತಿಲ್ಲದೆಯೇ ಈ ವಿದ್ಯೆಯಲ್ಲಿ ಪಳಗಿದವನು.

ಈ ಕಣ್ಣಿನಿಂದ ಟ್ರೇನರ್‌ನನ್ನು ನೋಡಿದರೆ ಅವನ 0.320 ಅಷ್ಟು ಹೊಳೆಯುವುದಿಲ್ಲ. ಅವನು ಆಡಿದ್ದು ಹಿಟ್‌ಗಳ ಸುಗ್ಗಿಯಲ್ಲಿ. ಸರಾಸರಿಗೆ ಇನ್ನೊಂದು ಕುರುಡೂ ಇದೆ. ಒಂದು ಬೇಸ್ ಓಡಿದ ಹಿಟ್ಟೂ ಗೋಡೆಯಾಚೆ ಹೋದ ಹೋಮ್ ರನ್ನೂ ಅದರ ಲೆಕ್ಕದಲ್ಲಿ ಸಮ. ಟ್ರೇನರ್ ಜೀವಮಾನದಲ್ಲಿ ಹೊಡೆದ ಹೋಮ್ ರನ್ 58, ಶ್ಮಿಟ್ ಹೊಡೆದದ್ದು 548. ಬ್ರೂಕ್ಸ್ ರಾಬಿನ್ಸನ್ ಬಂದದ್ದು ಬ್ಯಾಟಿನ ಬಲದಿಂದಲ್ಲ. ಸತತ 16 ವರ್ಷ ಗೋಲ್ಡ್ ಗ್ಲವ್ ಪ್ರಶಸ್ತಿ ತಂದುಕೊಟ್ಟ ಕೈಗವಸಿನಿಂದ. ಮೂರನೆಯ ಬೇಸ್ ಬಲಗೈ ಬ್ಯಾಟರ್ ರಭಸದಿಂದ ಎಳೆದು ಹೊಡೆದ ಚೆಂಡು ನೇರ ಮೈಮೇಲೆ ಬರುವ ಜಾಗ. ಅಲ್ಲಿ ತಡೆದ ಚೆಂಡುಗಳ ಬೆಲೆಯನ್ನು 1969ರ ಅಳತೆಗೋಲು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅದಕ್ಕೇ ಹೊಸಬರು ಪಟ್ಟಿ ಕೈಗೆ ಬಂದೊಡನೆ ಔಟ್‌ಫೀಲ್ಡಿನತ್ತ ಹೋಗಬಾರದು. ಬೇಬ್ ರೂತ್ ಎಲ್ಲರ ಪಟ್ಟಿಯಲ್ಲೂ ಇದ್ದೇ ಇರುತ್ತಾನೆ. ಆರಿಸಿದವರ ರುಚಿ ಗೊತ್ತಾಗುವುದು ಕ್ಯಾಚರ್, ಮೂರನೆಯ ಬೇಸ್, ಶಾರ್ಟ್‌ಸ್ಟಾಪ್ ಸ್ಥಾನಗಳಲ್ಲಿ.

ಓರಗೆಯವರಿಗಿಂತ ಎತ್ತರ ಎನ್ನುವ ಅಳತೆಗೆ ಒಂದು ಗಟ್ಟಿ ಆಕ್ಷೇಪವಿದೆ. ಅದನ್ನು ಎತ್ತಿದ್ದು ಜೀವವಿಕಾಸದ ವಿದ್ವಾಂಸ, ಬೇಸ್‌ಬಾಲ್ ಹುಚ್ಚಿನ ಸ್ಟೀಫನ್ ಜೇ ಗೌಲ್ಡ್. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಹೊಡೆದ ಮೇಲೆ ಅಮೆರಿಕನ್, ನ್ಯಾಷನಲ್ ಲೀಗುಗಳಲ್ಲಿ ಯಾರೂ 0.400 ಮುಟ್ಟಿಲ್ಲ. ಹಳಬರ ಕೈಚಳಕ ಇಂದಿನವರಿಗಿಲ್ಲ ಎಂದು ಹಲುಬುವವರಿಗೆ ಗೌಲ್ಡ್ ತಿರುಗಿಸಿ ಹೇಳಿದರು: ಆಟ ಒಟ್ಟಾರೆ ಸುಧಾರಿಸಿದೆ, ಕಳಪೆ ಆಟಗಾರರು ಜರಡಿಯಲ್ಲಿ ಉದುರಿದ್ದಾರೆ, ಹಾಗಾಗಿ ಉತ್ತಮರಿಗೂ ಸಾಧಾರಣರಿಗೂ ನಡುವಿನ ಅಂತರ ಕಿರಿದಾಗಿದೆ. ಇದು ನಿಜವಾದರೆ, 1920ರಲ್ಲಿ ಬೇಬ್ ರೂತ್ 54 ಹೋಮ್ ರನ್ ಹೊಡೆದು ಅಮೆರಿಕನ್ ಲೀಗಿನ ಎದುರಾಳಿ ತಂಡಗಳಲ್ಲಿ ಯಾವೊಂದು ಇಡೀ ತಂಡಕ್ಕಿಂತಲೂ ಮುಂದಿದ್ದನಲ್ಲ, ಆ ಎತ್ತರದಲ್ಲಿ ಒಂದು ಪಾಲು ಸುತ್ತಲಿನ ತಗ್ಗಿನದೇ. ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಮುರಿದುಕೊಳ್ಳಬೇಕು ಎಂದದ್ದು. ಆದರೆ ಎಷ್ಟು ಮುರಿದರೂ ರೂತ್ ತಂಡದಿಂದ ಹೊರಬೀಳುವುದಿಲ್ಲ. ಹೊರಬೀಳುವವರು ಅವನ ಕಾಲದ ಎರಡನೆಯ ಸಾಲಿನವರು. ಅಳತೆ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಇದೇ ಗುರುತು.

ಮುರಿದುಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬಣ್ಣದ ಬೇಲಿ. ರೂತ್, ಟ್ರೇನರ್, ಕಾಕ್ರನ್ ತಮ್ಮ ಅಂಕಿಗಳನ್ನು ಗಳಿಸಿದ ಲೀಗುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರು ನೀಗ್ರೊ ಲೀಗ್‌ಗಳಲ್ಲಿ ಆಡುತ್ತಿದ್ದರು. ಆ ಲೀಗುಗಳ ಮಹಾನ್ ಕ್ಯಾಚರ್ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ 35ನೆಯ ವಯಸ್ಸಿಗೆ ತೀರಿಕೊಂಡ; ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಮೈದಾನಕ್ಕಿಳಿದು ಬೇಲಿ ಮುರಿದದ್ದು ಅದೇ ವರ್ಷದ ಏಪ್ರಿಲ್ 15ರಂದು. 1999ರ 30 ಜನರಲ್ಲಿ ಗಿಬ್ಸನ್ ಇಲ್ಲ. 2020ರ ಕೊನೆಗೆ ಆ ಲೀಗುಗಳಿಗೆ ಮೇಜರ್ ಲೀಗ್ ಸ್ಥಾನ ಸಿಕ್ಕಿ, 2024ರಲ್ಲಿ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದಾಗ 0.372 ಸರಾಸರಿಯ ಗಿಬ್ಸನ್ ಟೈ ಕಾಬ್‌ನನ್ನು ಹಿಂದಿಕ್ಕಿ ಸಾರ್ವಕಾಲಿಕ ಮೊದಲಿಗನಾದ. ಆ ಲೀಗುಗಳ ಋತುಗಳು ಚಿಕ್ಕವು, ದಾಖಲೆಗಳು ಹರಿದುಹೋದವು, ಎದುರಾಳಿಗಳ ಗುಣಮಟ್ಟ ಏಕರೂಪದ್ದಲ್ಲ ಎಂದು ಗೊಣಗುವವರಿದ್ದಾರೆ. ಮೊದಲೆರಡು ಮಾತು ದಿಟ. ಗುಣಮಟ್ಟದ ಮಾತಿಗೆ ಮಾತ್ರ ಮೈದಾನವೇ ಉತ್ತರ ಕೊಟ್ಟಿದೆ. 1949ರಿಂದ 1959ರವರೆಗಿನ ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಲ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಹೋದದ್ದು ನೀಗ್ರೊ ಲೀಗ್‌ಗಳಲ್ಲಿ ಆಡಿ ಬಂದವರಿಗೆ: ಜಾಕಿ ರಾಬಿನ್ಸನ್, ರಾಯ್ ಕ್ಯಾಂಪನೆಲ್ಲಾ (ಮೂರು ಸಲ), ವಿಲ್ಲಿ ಮೇಸ್, ಡಾನ್ ನ್ಯೂಕೋಂಬ್, ಹ್ಯಾಂಕ್ ಆರನ್, ಅರ್ನಿ ಬ್ಯಾಂಕ್ಸ್ (ಎರಡು ಸಲ). ಬಾಗಿಲು ತೆಗೆದೊಡನೆ ಒಳಬಂದವರು ಇಂಥವರಾದರೆ, ತೆಗೆಯುವ ಮುನ್ನ ಹೊರಗಿದ್ದವರು ಎಂಥವರು? ಅನುಮಾನದ ಹೊರೆಯನ್ನು ಗಿಬ್ಸನ್ ಒಬ್ಬನೇ ಹೊರಬೇಕಿಲ್ಲ; ಮುಚ್ಚಿದ ಬಾಗಿಲೊಳಗೆ ಕೂಡಿಟ್ಟ ಕಾಕ್ರನ್‌ನ 0.320 ಕೂಡ ಅಷ್ಟೇ ಅನುಮಾನಕ್ಕೆ ಅರ್ಹ. ನನ್ನ ತಂಡದ ಕ್ಯಾಚರ್ ಗಿಬ್ಸನ್, ಅವನ ಹಿಂದೆ ಬೆಂಚ್.

ಇಂದಿನವರ ಮೈಕಟ್ಟು, ವೇಗ, ತರಬೇತಿ ಹಳಬರಿಗೆಲ್ಲಿತ್ತು, ಇವರೆದುರು ಅವರು ಒಂದು ಇನ್ನಿಂಗ್ಸೂ ಬಾಳುತ್ತಿರಲಿಲ್ಲ ಎನ್ನುವ ಮಾತನ್ನು ಬೇಗ ಮುಗಿಸಬಹುದು. ಅದನ್ನು ಪೂರ್ತಿ ಒಪ್ಪಿದರೆ ಸಾರ್ವಕಾಲಿಕ ತಂಡವೆಂದರೆ ಕಳೆದ ವರ್ಷದ ತಂಡವೇ, ಆರಿಸಲು ಏನೂ ಉಳಿಯುವುದಿಲ್ಲ. ನಡತೆಯ ಪ್ರಶ್ನೆಯೂ ಹಾಗೆಯೇ. ಬೆಟ್ಟಿಂಗ್‌ಗಾಗಿ 1989ರಲ್ಲಿ ಬಹಿಷ್ಕೃತನಾದ ಪೀಟ್ ರೋಸ್‌ನನ್ನು ಅಭಿಮಾನಿಗಳು ಹತ್ತೇ ವರ್ಷಕ್ಕೆ ಶತಮಾನದ ತಂಡಕ್ಕೆ ಆರಿಸಿದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಅದೇ ಪಟ್ಟಿಯಲ್ಲಿ ಮಾರ್ಕ್ ಮೆಗ್ವಾಯರ್ ಇರುವುದು ಬೇರೆ ಸಂಗತಿ. ಹಿಂದಿನ ವರ್ಷವಷ್ಟೇ ಅವನು ಹೊಡೆದ 70 ಹೋಮ್ ರನ್‌ಗಳ ಸದ್ದು ಕಿವಿಯಲ್ಲಿತ್ತು. 534 ಹೋಮ್ ರನ್‌ಗಳ ಜಿಮ್ಮಿ ಫಾಕ್ಸ್ ಅದರಡಿ ಹೂತುಹೋದ. ಸ್ಟೀರಾಯ್ಡ್ ತೆಗೆದುಕೊಂಡಿದ್ದಾಗಿ ಮೆಗ್ವಾಯರ್ 2010ರಲ್ಲಿ ಒಪ್ಪಿಕೊಂಡ. ಅದು ಗುಣನಡತೆಯ ಪ್ರಶ್ನೆಗಿಂತ ಹೆಚ್ಚಾಗಿ ಅಳತೆಯ ಪ್ರಶ್ನೆ.

ಅಮೆರಿಕನ್ ಫುಟ್‌ಬಾಲ್‌ಗೆ ಬಂದರೆ ಕೆಲಸ ಕಷ್ಟವಾಗುತ್ತದೆ. ಬೇಸ್‌ಬಾಲ್ ಎಷ್ಟಾದರೂ ಒಬ್ಬ ಪಿಚರ್, ಒಬ್ಬ ಬ್ಯಾಟರ್ ನಡುವಿನ ಜಗಳ. ಗೆದ್ದವರು ಯಾರೆಂದು ಬರೆದಿಡಬಹುದು. ಫುಟ್‌ಬಾಲ್‌ನಲ್ಲಿ ಹನ್ನೊಂದು ಜನ ಒಂದೇ ಕ್ಷಣದಲ್ಲಿ ಚಲಿಸಿದರೆ ಒಬ್ಬನ ಹೆಸರಿಗೆ ಗಜಗಳು ಬೀಳುತ್ತವೆ. ಆದರೂ ಚೆಂಡು ಮುಟ್ಟುವವರಿಗೆ ನಮ್ಮ ಅಳತೆ ಸಲ್ಲುತ್ತದೆ. ಎಮಿಟ್ ಸ್ಮಿತ್ 226 ಪಂದ್ಯಗಳಲ್ಲಿ 18,355 ಗಜ ಓಡಿ ಮೊದಲ ಸ್ಥಾನದಲ್ಲಿದ್ದಾನೆ. ಜಿಮ್ ಬ್ರೌನ್ 118 ಪಂದ್ಯಗಳಲ್ಲಿ ಓಡಿದ್ದು 12,312 ಗಜ. ಅವನ ಕಾಲದ ಋತುವಿಗೆ 12, ಆಮೇಲೆ 14 ಪಂದ್ಯ, ಇಂದು 17. ಬ್ರೌನ್ ಆಡಿದ ಒಂಬತ್ತು ಋತುಗಳಲ್ಲಿ ಎಂಟರಲ್ಲಿ ಲೀಗಿನ ಮೊದಲ ಓಟಗಾರ ಅವನೇ. ಒಟ್ಟು ಗಜಗಳನ್ನು ನೋಡಿ ಆರಿಸಿದವನು ಸ್ಮಿತ್‌ನನ್ನು ಆರಿಸುತ್ತಾನೆ, ಎತ್ತರ ನೋಡಿದವನು ಬ್ರೌನ್‌ನನ್ನು. ಗ್ರೀನ್ ಬೇ ತಂಡದ ಡಾನ್ ಹಟ್ಸನ್ 1942ರಲ್ಲಿ 74 ಪಾಸ್ ಹಿಡಿದಾಗ ಎರಡನೆಯವನು ಹಿಡಿದದ್ದು 27. ಇಲ್ಲಿಯೂ ಮುರಿದುಕೊಳ್ಳಬೇಕು: ಯುದ್ಧದಿಂದಾಗಿ ತಂಡಗಳು ಬರಿದಾಗಿದ್ದವು, 1934ರಿಂದ 1945ರವರೆಗೆ ಆ ಲೀಗಿನಲ್ಲೂ ಒಬ್ಬ ಕಪ್ಪು ಆಟಗಾರನಿರಲಿಲ್ಲ. ಆದರೆ ಅವನ 99 ಟಚ್‌ಡೌನ್ ಕ್ಯಾಚ್‌ಗಳ ದಾಖಲೆ ಮುರಿಯಲು, ಪಾಸ್ ಎಸೆತ ಬಹಳ ಹೆಚ್ಚಿದ ಕಾಲದಲ್ಲೂ, 1989ರವರೆಗೆ ಕಾಯಬೇಕಾಯಿತು. ನನ್ನ ತಂಡದ ರಿಸೀವರ್‌ಗಳಲ್ಲಿ ಮೊದಲಿಗ ಜೆರ್ರಿ ರೈಸ್. ಎದುರು ತುದಿಯಲ್ಲಿ ನಾನು ನಿಲ್ಲಿಸುವುದು ಹಟ್ಸನ್‌ನನ್ನೇ. ಕ್ವಾರ್ಟರ್‌ಬ್ಯಾಕ್‌ಗಳನ್ನು ಹೋಲಿಸುವಾಗ ನೆನಪಿಡಬೇಕಾದ ಇಸವಿ 1978. ಐದು ಗಜ ದಾಟಿದ ರಿಸೀವರ್ ಮೈಮೇಲೆ ಬೀಳಬಾರದು ಎಂಬ ನಿಯಮ ಬಂದದ್ದು ಆ ವರ್ಷ. ಆರು ವರ್ಷದ ನಂತರ ಡ್ಯಾನ್ ಮರೀನೊ 5,084 ಗಜ ಎಸೆದ. ಆ ನಿಯಮಕ್ಕೂ ಹಿಂದೆ ಎಸೆದ ಜಾನಿ ಯುನೈಟಸ್‌ನ ಗಜಗಳನ್ನು ಬೇರೆ ತೂಕದಲ್ಲಿ ತೂಗಬೇಕು.

ಚೆಂಡು ಮುಟ್ಟದವರನ್ನು ಅಳೆಯುವುದು ಹೇಗೆ? ಲೈನ್‌ಮನ್‌ಗಳ ಹೆಸರಿಗೆ ಅಂಕಿಯೇ ಇಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಸ್ಯಾಕ್ ಕೂಡ ಅಧಿಕೃತ ಲೆಕ್ಕಕ್ಕೆ ಬಂದದ್ದು 1982ರಲ್ಲಿ. ಸ್ಯಾಕ್‌ಗೇ ಹೆಸರಾದ ಡೀಕನ್ ಜೋನ್ಸ್ ಅಷ್ಟರಲ್ಲಿ ನಿವೃತ್ತನಾಗಿದ್ದ. ಇಲ್ಲಿ ಕಣ್ಣೇ ಸಾಕ್ಷಿ, ಕಣ್ಣು ಮೋಸ ಹೋಗುವುದೂ ಇಲ್ಲೇ. 1967ರ ಡಿಸೆಂಬರ್ 31, ಗ್ರೀನ್ ಬೇಯ ಲ್ಯಾಂಬೋ ಮೈದಾನ, ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಡಲ್ಲಸ್ ಎದುರು 17-14ರಿಂದ ಹಿಂದಿದ್ದ ಪ್ಯಾಕರ್ಸ್‌ಗೆ ಉಳಿದದ್ದು 16 ಸೆಕೆಂಡು, ಒಂದು ಗಜಕ್ಕೂ ಕಮ್ಮಿ ದೂರ. ಗಾರ್ಡ್ ಜೆರ್ರಿ ಕ್ರೇಮರ್ ತಗ್ಗಿ ನುಗ್ಗಿ ಜೆತ್ರೊ ಪ್ಯೂನನ್ನು ಹಿಂದೆ ತಳ್ಳಿದ, ಆ ಸಂದಿನಲ್ಲಿ ಬಾರ್ಟ್ ಸ್ಟಾರ್ ಒಳಬಿದ್ದ, 21-17. ದೂರದರ್ಶನ ಆ ತಳ್ಳುವಿಕೆಯನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿತು. ಎರಡು ವರ್ಷಕ್ಕೆ ಲೀಗಿನ 50 ವರ್ಷಗಳ ತಂಡದಲ್ಲಿ ಗಾರ್ಡ್ ಸ್ಥಾನ ಕ್ರೇಮರ್‌ನದು. ಆದರೆ ಕೀರ್ತಿಭವನಕ್ಕೆ ಅವನನ್ನು ಸೇರಿಸಿಕೊಂಡದ್ದು 2018ರಲ್ಲಿ. ನೂರನೆಯ ವರ್ಷದ ತಂಡದಲ್ಲಿ ಅವನಿಲ್ಲ. ಪ್ಯೂನನ್ನು ತಳ್ಳಲು ಪಕ್ಕದಲ್ಲಿ ಸೆಂಟರ್ ಕೆನ್ ಬೌಮನ್ ಕೂಡ ಇದ್ದ ಎನ್ನುವುದು ಎಷ್ಟು ಜನಕ್ಕೆ ನೆನಪಿದೆ? ಲೈನ್‌ಮನ್‌ಗಳ ಆಯ್ಕೆ ನೋಡುವಾಗ ಕೇಳಬೇಕಾದ್ದು, ಈ ಹೆಸರು ಹಲವು ಋತುಗಳ ಆಟದಿಂದ ಬಂತೋ ಒಂದು ಚಿತ್ರದಿಂದ ಬಂತೋ ಎಂದು.

ಕೊನೆಗೆ, ಜಾಗ ಎಷ್ಟಿದೆ ನೋಡಿ. 1969ರ ಮೊದಲ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ, ಯುನೈಟಸ್. 1994ರ ತಂಡದಲ್ಲಿ ನಾಲ್ವರು, 2019ರ ನೂರು ಜನರ ತಂಡದಲ್ಲಿ ಹತ್ತು. ಹತ್ತು ಜನರನ್ನು ಆರಿಸಿದವರು ಯಾರ ಮನಸ್ಸನ್ನೂ ನೋಯಿಸಲಿಲ್ಲ, ಏನನ್ನೂ ಹೇಳಲೂ ಇಲ್ಲ. ಜಾಗ ಕಡಿಮೆ ಇದ್ದಾಗಲೇ ಆರಿಸುವವನ ಜಾಣ್ಮೆ ಹೊರಬರುವುದು. ಸ್ಯಾಮಿ ಬಾ 1943ರಲ್ಲಿ ಪಾಸ್ ಎಸೆತ, ಪಂಟ್ ಒದೆತ, ಎದುರಾಳಿಯ ಪಾಸ್ ಕಸಿಯುವುದು, ಮೂರರಲ್ಲೂ ಲೀಗಿಗೆ ಮೊದಲಿಗ. 1940ರಲ್ಲಿ ಅವನ ಪಂಟ್ ಸರಾಸರಿ 51.4 ಗಜ, ಆ ದಾಖಲೆ ನಿಂತದ್ದು 2022ರವರೆಗೆ. ಅವನನ್ನು ಪಂಟರ್ ಎಂದು ಬರೆದುಕೊಂಡವನಿಗೆ ಮೀಸಲು ಕ್ವಾರ್ಟರ್‌ಬ್ಯಾಕ್ ಬಿಟ್ಟಿಯಾಗಿ ಸಿಗುತ್ತಾನೆ, ಉಳಿದ ಒಂದು ಜಾಗಕ್ಕೆ ಇನ್ನೊಬ್ಬ ಲೈನ್‌ಮನ್ ಬರಬಹುದು.